ಕಿಟಕಿ ಹಾಡು ಮಾರಿದ ಬಗೆ

ಜನ ಅವನನ್ನು ಕರೆಯುತ್ತಿದ್ದದ್ದು ರಿಪೇರಿ ಎಂದು. ಇನ್ನೂರು ಹಾಡುಗಳಿಗೆ ರಾಗ ಕಟ್ಟಿದ ಮೇಲೂ, ರೇಡಿಯೋದವರು ಅವನ ಹೆಸರಿನ ಹಿಂದೆ ಮುಂದೆ ಬಗೆಬಗೆಯ ಬಿರುದುಗಳನ್ನು ಅಂಟಿಸಿದ ಮೇಲೂ, ಸ್ಟುಡಿಯೋದ ಕಾವಲುಗಾರನಿಂದ ಹಿಡಿದು ನಿರ್ಮಾಪಕನವರೆಗೆ ಎಲ್ಲರ ಬಾಯಲ್ಲೂ ಅವನು ರಿಪೇರಿಯೇ.

ಅದಕ್ಕೆ ಕಾರಣವಿತ್ತು. ಅವನ ಸಂಗೀತ ಶುರುವಾದದ್ದು ಗುರುವಿನ ಮನೆಯಲ್ಲಲ್ಲ, ವಾದ್ಯಗಳ ಅಂಗಡಿಯ ಹಿಂಭಾಗದ ಕತ್ತಲು ಕೋಣೆಯಲ್ಲಿ. ಕಾಯಿಲೆ ಬಿದ್ದ ಅಕಾರ್ಡಿಯನ್‌ಗಳು ಅಲ್ಲಿಗೆ ಬರುತ್ತಿದ್ದವು: ಮಡಿಕೆ ಹರಿದು ಗಾಳಿ ಸೋರುವವು, ಗುಂಡಿ ಕಿತ್ತವು, ಒಳಗಿನ ಉಕ್ಕಿನ ನಾಲಗೆಗೆ ತುಕ್ಕು ಹಿಡಿದು ಒಂದೇ ಒಂದು ಸ್ವರ ಮಾತ್ರ ಕೆಮ್ಮುವಂಥವು. ಅವನ್ನು ಬಿಚ್ಚಿ, ಹಳೆಯ ಮೇಣ ಕೆರೆದು ಹೊಸದನ್ನು ಕರಗಿಸಿ ಹಚ್ಚಿ, ಮಡಿಕೆಗೆ ತೊಗಲಿನ ತೇಪೆ ಹಾಕಿ, ಕೊನೆಗೆ ಎದೆಗೇರಿಸಿಕೊಂಡು ನುಡಿಸಿ ನೋಡುವುದು ಅವನ ಕೆಲಸ. ಗೊತ್ತಿರುವ ಹಾಡು ನುಡಿಸಿದರೆ ಕಿವಿ ಹಾಡಿನ ಬೆನ್ನು ಹತ್ತಿ ಹೋಗುತ್ತದೆ, ವಾದ್ಯದ ಊನ ಕೇಳಿಸುವುದಿಲ್ಲ. ಆದ್ದರಿಂದ ಅವನು ಯಾರೂ ಕೇಳದ ರಾಗವೊಂದನ್ನು ಆ ಗಳಿಗೆಯಲ್ಲೇ ಹುಟ್ಟಿಸಿಕೊಂಡು ನುಡಿಸುತ್ತಿದ್ದ. ಹೀಗೆ ಪರೀಕ್ಷೆಗೆಂದು ಹುಟ್ಟಿ, ಅಕಾರ್ಡಿಯನ್ ಪೆಟ್ಟಿಗೆ ಮುಚ್ಚಿದೊಡನೆ ಸತ್ತುಹೋದ ರಾಗಗಳಿಗೆ ಲೆಕ್ಕವಿಲ್ಲ.

ಗೋಡೆಯಾಚೆ ಒಂದು ಮುದ್ರಣಾಲಯವಿತ್ತು. ಅಲ್ಲಿ ಕರಡು ತಿದ್ದುತ್ತಿದ್ದ ಸಣಕಲು ಯುವಕನೊಬ್ಬ ಒಂದು ಮಧ್ಯಾಹ್ನ ಬೆರಳಿನ ತುಂಬ ಕೆಂಪು ಮಸಿ ಮೆತ್ತಿಕೊಂಡು ಅಂಗಡಿಗೆ ನುಗ್ಗಿದ.

"ಏನ್ರೀ, ನಿಮ್ಮ ಗಲಾಟೆಯಲ್ಲಿ ತಪ್ಪುಗಳೆಲ್ಲ ನನ್ನ ಕೈ ತಪ್ಪಿಸಿಕೊಂಡು ಓಡಿಹೋಗ್ತಿವೆ. ನಿನ್ನೆ ಬದುಕಿರೋ ಮನುಷ್ಯನಿಗೆ ಶ್ರದ್ಧಾಂಜಲಿ ಅಚ್ಚಾಗಿದೆ. ಅವನು ಬಂದು ಮಾಲೀಕರ ಎದುರು ಕೂತಿದ್ದಾನೆ."

"ಕ್ಷಮಿಸಿ. ಇನ್ಮೇಲೆ ಮೆಲ್ಲಗೆ ನುಡಿಸ್ತೀನಿ."

"ಮೆಲ್ಲಗೆ ಯಾರು ಕೇಳಿದ್ರು? ಪೂರ್ತಿ ನುಡಿಸಿ! ಮೂರನೇ ಸಾಲಿಗೆ ಬಂದು ಎದ್ದು ಹೋಗಿಬಿಡ್ತೀರಿ. ನಾಲ್ಕನೇದು ಎಲ್ಲಿ? ಅದಕ್ಕೆ ಕಾದು ಕಾದು ನನ್ನ ಕೆಲಸ ಕೆಟ್ಟಿದೆ."

"ನಾಲ್ಕನೇದು ಬರ್ತಾ ಇಲ್ಲ."

"ಬರ್ದೆ ಎಲ್ಲಿಗೆ ಹೋಗುತ್ತೆ? ನುಡಿಸಿ, ನಾನು ಎಳ್ಕೊಂಡು ಬರ್ತೀನಿ."

ಅವನು ಎಳೆದುಕೊಂಡು ಬಂದ ನಾಲ್ಕನೆಯ ಸಾಲಿಗೆ ಮಾತೂ ಇತ್ತು. ಆ ಹೊತ್ತಿನಿಂದ ಇಬ್ಬರೂ ಬೇರೆಯಾಗಲಿಲ್ಲ. ಮುಂದೆ ಇಬ್ಬರೂ ಸಿನಿಮಾ ಹಾಡಿಗಿಳಿದಾಗ ಸ್ಟುಡಿಯೋದಲ್ಲಿ ಒಬ್ಬ ರಿಪೇರಿಯಾದರೆ ಇನ್ನೊಬ್ಬ ಕಡ್ಡಿಯಾದ. ಒಬ್ಬನ ರಾಗ, ಒಬ್ಬನ ಮಾತು. ಒಬ್ಬನನ್ನು ಊಟಕ್ಕೆ ಕರೆದರೆ ಇಬ್ಬರಿಗೂ ಎಲೆ ಹಾಕಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿಯಾಯಿತು.

ಅವರ ಕೆಲಸದ ರೀತಿ ವಿಚಿತ್ರವಾಗಿತ್ತು. ರಾಗ ಮೊದಲು, ಸಾಹಿತ್ಯ ಆಮೇಲೆ. ರಾಗಕ್ಕೆ ಸದ್ಯಕ್ಕೆ ಒಂದು ಮೈ ಬೇಕಲ್ಲ, ಅದಕ್ಕೆ ಕಣ್ಣಿಗೆ ಬಿದ್ದದ್ದು, ಬಾಯಿಗೆ ಬಂದದ್ದು ಸೇರಿಸಿ ಹಾಡುವ ಅರ್ಥವಿಲ್ಲದ ಮಾತಿಗೆ ಸ್ಟುಡಿಯೋದಲ್ಲಿ ಡಮ್ಮಿ ಎನ್ನುತ್ತಾರೆ. ರಿಪೇರಿ ಡಮ್ಮಿಯ ಒಂದು ಸಾಲು ಎಸೆಯಬೇಕು, ಕಡ್ಡಿ ಅದೇ ಅಳತೆಯಲ್ಲಿ, ಅದೇ ಪ್ರಾಸದಲ್ಲಿ ಮರುಸಾಲು ಎತ್ತಬೇಕು. ಪೆಟ್ಟಿಗೆಯ ಮಡಿಕೆ ಬಿಚ್ಚಿದ ಗಳಿಗೆಯಿಂದ ಮುಚ್ಚುವವರೆಗೆ ಇಬ್ಬರಲ್ಲಿ ಯಾರೂ ಮಾತನಾಡಕೂಡದು, ಹೇಳುವುದೇನಿದ್ದರೂ ಹಾಡಿಯೇ ಹೇಳಬೇಕು. ಜಗಳವೂ ಹಾಗೆಯೇ. ಎದುರು ಬಂದ ಸಾಲನ್ನು ನೆಲಕ್ಕೆ ಬೀಳಿಸಿದವನು ಸೋತ.

"ಚಹಾ ತಣ್ಣಗಾಯ್ತಲ್ಲೋ ಸಣಕಲು ಕಡ್ಡಿ" ಎಂದು ಇವನು ಹಾಡಿದರೆ, ಅವನು ಕಣ್ಣು ಕೂಡ ತೆರೆಯದೆ "ಸಕ್ಕರೆ ತಳದಲ್ಲಿದೆ ಕಲಕೋ ಲೋ ಮಡ್ಡಿ" ಎಂದು ಮುಗಿಸುತ್ತಿದ್ದ. ಈ ಮಡ್ಡಿಯ ಜಾಗದಲ್ಲಿ ಮುಂದೆ ಬೆಳದಿಂಗಳೋ ವಿರಹವೋ ಬಂದು ಕೂತು ಜನರ ಕಣ್ಣು ಒದ್ದೆಯಾಗುತ್ತಿತ್ತು. ಹಿಂದೆ ಏನಿತ್ತೆಂದು ತಿಳಿದ ಇವರಿಬ್ಬರು ಮಾತ್ರ ಚಿತ್ರಮಂದಿರದ ಕೊನೆಯ ಸಾಲಿನಲ್ಲಿ ಕೂತು, ಅಳುವವರ ನಡುವೆ ನಗು ತಡೆಯಲಾರದೆ ಬೈಸಿಕೊಂಡದ್ದುಂಟು.

ಕಡ್ಡಿಗೆ ಒಬ್ಬಳೇ ಮಗಳು. ಏಳು ತುಂಬಿದ ವರ್ಷ ಅವಳಿಗೆ ಜ್ವರ ಬಂತು. ಗಾಳಿ ತಾಕಬಾರದು, ಕಿಟಕಿ ಮುಚ್ಚಿಡಿ ಎಂದು ವೈದ್ಯರು ಹೇಳಿದ್ದರು. ಮಗು ಸೆಕೆ, ಸೆಕೆ ಎಂದು ಒದ್ದಾಡಿತು. ಕಿಟಕಿ ತೆಗಿಯಪ್ಪ ಎಂದು ಬೇಡಿಕೊಂಡಿತು. ಅಪ್ಪ ತೆಗೆಯಲಿಲ್ಲ. ಅವನು ಆ ಕಿಟಕಿ ತೆಗೆದದ್ದು ಮಗುವನ್ನು ಮಣ್ಣು ಮಾಡಿ ಬಂದ ಮೇಲೆ.

ಬಹಳ ಕಾಲ ಕಡ್ಡಿ ಸ್ಟುಡಿಯೋದ ಕಡೆ ತಲೆ ಹಾಕಲಿಲ್ಲ. ಕೊನೆಗೊಂದು ಬೆಳಿಗ್ಗೆ ಬಂದು, ರಿಪೇರಿಯ ಎದುರಿನ ಮಣೆಯ ಮೇಲೆ ಕೂತು, ಯಾವ ರಾಗಕ್ಕೂ ಕಾಯದೆ ಹೇಳತೊಡಗಿದ:

ಕಿಟಕಿ ತೆಗೆದೆ ಮಗಳೆ, ಗಾಳಿ ಬರಲಿ ಒಳಗೆ
ತಡವಾಯಿತೆಂದು ಮುನಿಯದಿರು, ಬಂದು ಹೋಗು ಗಳಿಗೆ

ಅವರ ಬದುಕಿನಲ್ಲಿ ರಾಗಕ್ಕಿಂತ ಮೊದಲು ಮಾತು ಬಂದದ್ದು ಅದೊಂದೇ ಸಲ. ರಿಪೇರಿ ಆ ಮಾತಿನ ಬೆನ್ನಿಗೆ ಹೆಚ್ಚೇನೂ ಹೊರಿಸಲಿಲ್ಲ, ಮಗುವನ್ನು ತೊಡೆಯ ಮೇಲೆ ಹಾಕಿ ತಟ್ಟುವಷ್ಟು ಲಯ, ಉಸಿರಾಡುವಷ್ಟು ರಾಗ. ರೇಡಿಯೋದಲ್ಲಿ ಒಮ್ಮೆ ಹಾಡಿಸಿದರು. ಕೇಳಿದವರಿಗೆ ಅದು ಜೋಗುಳವೆನಿಸಿತು. ತಾಯಂದಿರು ಅದನ್ನು ಹಾಡಿ ಮಕ್ಕಳನ್ನು ಮಲಗಿಸತೊಡಗಿದರು. ಹಾಡಿಗೆ ಇಟ್ಟ ಹೆಸರೇ ಮರೆತುಹೋಗಿ ಅದು ಎಲ್ಲರಿಗೂ ಕಿಟಕಿ ಹಾಡಾಯಿತು.

ಕೆಲವು ವರ್ಷಗಳ ಮೇಲೆ ಸಾಬೂನಿನ ಕಂಪನಿಯೊಂದು ಜಾಹೀರಾತಿಗೆಂದು ಆ ಹಾಡನ್ನು ಕೇಳಿಕೊಂಡು ಬಂತು. ಬಂದವನು ಬಾಗಿಲು ದಾಟುವ ಮೊದಲೇ ಕಡ್ಡಿ ಅವನನ್ನು ಮೆಟ್ಟಿಲಿಳಿಸಿದ. ಆಮೇಲೆ ರಿಪೇರಿಯ ಕೈ ಹಿಡಿದುಕೊಂಡ.

"ಉಳಿದ ಹಾಡೆಲ್ಲ ಬೇಕಾದ್ರೆ ಉಪ್ಪು ಮಾರೋಕೆ ಹಾಕ್ಕೊಳ್ಲಿ. ಇದೊಂದು ಮಾರಾಟಕ್ಕಿಲ್ಲ. ನಾನಿಲ್ದೇ ಇದ್ರೂ ಇಲ್ಲ. ಮಾತು ಕೊಡು."

ರಿಪೇರಿ ಮಾತು ಕೊಟ್ಟ. ಕೊಡುವುದು ಆಗ ಸುಲಭವಾಗಿತ್ತು.

ಮುಪ್ಪು ಇಬ್ಬರಿಗೂ ಒಟ್ಟಿಗೇ ಬಂತು. ಆದರೆ ಕಡ್ಡಿಯ ಮೇಲೆ ಅದು ಎರಗಿದ ಬಗೆ ಬೇರೆ. ಒಂದು ದಿನ ಅವನು ಬೂಟಿನ ದಾರ ಕಟ್ಟಿಕೊಳ್ಳುತ್ತಾ ಬಗ್ಗಿದವನು ಮತ್ತೆ ಏಳಲಿಲ್ಲ. ಮೈಯ ಬಲಭಾಗ ಹೋಯಿತು, ಮಾತೂ ಹೋಯಿತು. ಸಾವಿರಾರು ಸಾಲು ಬರೆದವನ ಬಾಯಲ್ಲಿ ಉಳಿದದ್ದು ಒಂದೇ ಶಬ್ದ: ಆಯ್ತು. ನೀರು ಬೇಕೇ ಎಂದರೂ ಆಯ್ತು, ಬೇಡವೇ ಎಂದರೂ ಆಯ್ತು. ಮೂರನೆಯ ಮಹಡಿಯ ಆ ಮನೆಗೆ ಲಿಫ್ಟ್ ಇರಲಿಲ್ಲ. ಆಸ್ಪತ್ರೆಯಿಂದ ಹೊತ್ತು ತಂದ ಮೇಲೆ ಅವನು ಬೀದಿಯ ಮುಖ ನೋಡಿರಲಿಲ್ಲ. ರಿಪೇರಿ ವಾರವಾರವೂ ಹೋಗಿ ಎದುರು ಕೂತು ಸ್ಟುಡಿಯೋದ ಸುದ್ದಿ ಹೇಳಿ ಬರುತ್ತಿದ್ದ. ಪೆಟ್ಟಿಗೆಯನ್ನು ಮಾತ್ರ ಒಯ್ಯುತ್ತಿರಲಿಲ್ಲ. ಕಾಲಿಲ್ಲದವನ ಮುಂದೆ ಕುಣಿದಂತೆ ಆದೀತೆಂದು ಅವನ ಹಿಂಜರಿಕೆ.

ಆ ವರ್ಷ ಹಳೆಯ ಸಂಗೀತಗಾರರೆಲ್ಲ ಒಬ್ಬೊಬ್ಬರಾಗಿ ತಮ್ಮ ಹಾಡುಗಳ ಹಕ್ಕನ್ನು ಮಾರುತ್ತಿದ್ದರು. ದೊಡ್ಡ ಕಂಪನಿಗಳು ಒಬ್ಬನ ಜೀವಮಾನದ ಹಾಡುಗಳನ್ನು ಒಟ್ಟಿಗೇ ಕೊಂಡುಕೊಳ್ಳುತ್ತಿದ್ದವು. ಸ್ಟುಡಿಯೋ ಎದುರಿನ ಚಹಾದಂಗಡಿಯಲ್ಲಿ ಮುದಿ ಗಾಯಕನೊಬ್ಬ ಹೊಸ ಹಲ್ಲಿನ ಸೆಟ್ಟು ತೋರಿಸಿ, "ಹಾಡು ಮಾರಿ ಹಲ್ಲು ಕಟ್ಟಿಸಿಕೊಂಡೆ ಕಣೋ ರಿಪೇರಿ. ಈಗ ಬಾಯಿ ತುಂಬ ಹಲ್ಲಿದೆ, ಹಾಡೋಣ ಅಂದ್ರೆ ಹಾಡಿಲ್ಲ" ಎಂದು ತಾನೇ ಮೊದಲು ನಕ್ಕ. ಉಳಿದವರೂ ನಕ್ಕರು. ಎಲ್ಲರಿಗಿಂತ ಬೇಗ ನಗು ನಿಲ್ಲಿಸಿದವನು ಆ ಗಾಯಕನೇ.

ಅಂಥ ಒಂದು ಕಂಪನಿ ಇವರಿಬ್ಬರ ಹಾಡುಗಳನ್ನೂ ಕೇಳಿತು. ಕಂಪನಿಯ ಪರವಾಗಿ ಬಂದ ವಕೀಲೆ ಚಿಕ್ಕ ವಯಸ್ಸಿನವಳು, ಮೃದುವಾಗಿ ಮಾತನಾಡುವವಳು. "ನಮ್ಮಮ್ಮ ಕಿಟಕಿ ಹಾಡು ಹಾಡ್ದೇ ಇದ್ರೆ ನಾನು ನಿದ್ದೇನೇ ಮಾಡ್ತಿರ್ಲಿಲ್ಲವಂತೆ ಸರ್" ಎಂದಳು. ಆಮೇಲೆ ಅಷ್ಟೇ ಮೃದುವಾಗಿ, ಕಿಟಕಿ ಹಾಡು ಸೇರದಿದ್ದರೆ ಉಳಿದವುಗಳ ಮಾತೇ ಬೇಡವೆಂದು ಕಂಪನಿ ಹೇಳಿದೆ ಎಂದಳು. ಕಡ್ಡಿಯ ಪರವಾಗಿ ಅವನ ಹೆಂಡತಿ ರುಜು ಹಾಕಲು ಕಾನೂನಿನ ಒಪ್ಪಿಗೆಯಿತ್ತು. ರಿಪೇರಿ ಆಗುವುದಿಲ್ಲವೆಂದು ಕೂಡಲೇ ತಲೆಯಾಡಿಸಿ, ಎದ್ದು ಕಡ್ಡಿಯ ಮನೆಗೆ ಹೋದ. ಆಗುವುದಿಲ್ಲವೆಂದದ್ದನ್ನು ಅಲ್ಲಿಯೂ ಹೇಳಿ ಮುಗಿಸಿಬಿಡುವುದು ಅವನ ಉದ್ದೇಶ.

ಕಡ್ಡಿಯ ಹೆಂಡತಿ ಅಡುಗೆಮನೆಯ ಗೋಡೆಗೆ ಬೆನ್ನು ಒತ್ತಿಕೊಂಡು ನಿಂತಿದ್ದಳು. ಕಡ್ಡಿ ತನಗಿಂತ ದೊಡ್ಡವನಾದ್ದರಿಂದ ರಿಪೇರಿಗೆ ಅವಳು ಅತ್ತಿಗೆ.

"ಅತ್ತಿಗೆ, ಅವರು ಕೇಳಿದ್ರು. ನಾನು ಆಗೋಲ್ಲ ಅಂದೆ."

"ಯಾರನ್ನ ಕೇಳಿ ಅಂದ್ರಿ?"

"ಅವನಿಗೆ ಮಾತು ಕೊಟ್ಟಿದ್ದೀನಲ್ಲ."

"ಗೊತ್ತು." ಅವಳು ಗೋಡೆ ಬಿಡಲಿಲ್ಲ. "ಬೆಳಿಗ್ಗೆ ಎತ್ತಿ ಕೂರಿಸೋವಾಗ ಬೆನ್ನು ಹಿಡ್ಕೊಂತು, ಇನ್ನೂ ಬಿಟ್ಟಿಲ್ಲ. ಅವರೋ ಎಲ್ಲದಕ್ಕೂ ಆಯ್ತು ಆಯ್ತು ಅಂತ ನಗ್ತಾರೆ. ನೆಲಮಹಡೀಲಿ ಒಂದು ಮನೆ, ಎತ್ತಿ ಇಳಿಸೋಕೆ ಒಬ್ಬ ಆಳು, ನಾನು ಕೇಳೋದು ಅಷ್ಟೇ. ನಿಮ್ಮ ಹಾಡಿಗೆ ಬೆನ್ನಿಲ್ಲ ರಿಪೇರಿಯವರೇ, ನನಗಿದೆ."

"ಆ ಹಾಡು ಮಗೂದು ಅತ್ತಿಗೆ."

ಅವಳ ಮುಖ ಅವನು ಎಂದೂ ಕಾಣದ ಹಾಗೆ ಬಿಗಿದುಕೊಂಡಿತು.

"ಮಗು ನನ್ನದೂ ಹೌದಲ್ವಾ? ಕಿಟಕಿ ಮುಚ್ಚಿದ್ದು ಅವರು. ತೆಗೀರಿ, ತೆಗೀರಿ ಅಂತ ಬಡ್ಕೊಂಡೋಳು ನಾನು. ಅವರಿಗೆ ಅದರಿಂದ ಹಾಡಾದ್ರೂ ಬಂತು. ಊರೆಲ್ಲ ಹಾಡ್ತು. ನಾನು ಒಂದು ದಿನ ಅದನ್ನ ಬಾಯಿಗೆ ತಂದಿದ್ದು ಕೇಳಿದ್ದೀರಾ?"

ಕೇಳಿರಲಿಲ್ಲ. ಕೇಳಿಲ್ಲವೆಂಬುದು ಅವನ ಗಮನಕ್ಕೆ ಬಂದದ್ದೂ ಆಗಲೇ.

ಅವಳೇ ತಗ್ಗಿದ ದನಿಯಲ್ಲಿ ಮಾತು ಮುಂದುವರಿಸಿದಳು. "ನನ್ನ ರುಜು ಸಾಕಂತೆ. ಆದ್ರೂ ಅವರನ್ನ ಕೇಳ್ದೆ ಹಾಕೋಲ್ಲ. ನಾಳೆ ಆ ಮುಖಕ್ಕೇ ನಾನು ಅನ್ನ ತಿನ್ನಿಸಬೇಕು. ನಾನು ಕೇಳಿದ್ರೆ ಆಯ್ತು ಅಂತಾರೆ, ಮನೆಗೆ ಬೆಂಕಿ ಇಡ್ಲಾ ಅಂದ್ರೂ ಆಯ್ತೇ. ನೀವು ನಿಮ್ಮ ರೀತೀಲಿ ಕೇಳಿ. ಬೇಡ ಅಂದ್ರೆ ಬೇಡ. ಬೆನ್ನು ಇರೋವಷ್ಟು ದಿನ ಎತ್ತುತೀನಿ."

ಮುಂದಿನ ಸಲ ರಿಪೇರಿ ಪೆಟ್ಟಿಗೆಯನ್ನು ಬೆನ್ನಿಗೆ ಹಾಕಿಕೊಂಡು, ಮಹಡಿ ಮಹಡಿಗೂ ನಿಂತು ಉಸಿರು ತಿರುಗಿಸಿಕೊಳ್ಳುತ್ತಾ ಹತ್ತಿದ. ಕಡ್ಡಿ ಎರಡು ದಿಂಬಿನ ನಡುವೆ ಕೂತಿದ್ದ. ಮಡಿಕೆ ಬಿಚ್ಚಿಕೊಂಡು ಪೆಟ್ಟಿಗೆಯೊಳಕ್ಕೆ ಗಾಳಿ ಸುಯ್ಯೆಂದು ಹೋದದ್ದೇ ತಡ, ಅವನ ಎಡಗೈ ಹಾಸಿಗೆಯ ಅಂಚನ್ನು ತಟ್ಟತೊಡಗಿತು. ರಿಪೇರಿ ಎದೆಯನ್ನು ಗಟ್ಟಿ ಮಾಡಿಕೊಂಡು ಹಾಡಿದ:

"ಚಹಾ ತಣ್ಣಗಾಯ್ತಲ್ಲೋ ಸಣಕಲು ಕಡ್ಡಿ..."

"ಸಕ್ಕರೆ ತಳದಲ್ಲಿದೆ ಕಲಕೋ ಲೋ ಮಡ್ಡಿ!"

ಒಂದಕ್ಷರ ತೊದಲಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುವುದನ್ನೂ ಮರೆತು ಓಡಿ ಬಂದು ಬಾಗಿಲಲ್ಲಿ ನಿಂತಳು. ಅವಳ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕಣ್ಣಿನಿಂದಲೂ.

"ಇಷ್ಟು ದಿನ ಇದು ಎಲ್ಲಿತ್ತು ರಿಪೇರಿಯವರೇ? ನನ್ನ ಹತ್ರ ಒಂದು ಮಾತಿಲ್ಲ, ನಿಮ್ಮ ಹತ್ರ ಮಡ್ಡಿ!"

ಅವಳು ಅಳುತ್ತಲೇ ನಕ್ಕಳು. ನಗುವಿನಲ್ಲಿ ಹೊಟ್ಟೆಕಿಚ್ಚೂ ಇತ್ತು. ಹಳೆಯ ಸಾಲು ನೆನಪಿನಿಂದ ಬಂದಿರಬಹುದು, ಹೊಸದು ಬರುವುದೋ ನೋಡಬೇಕಿತ್ತು. ರಿಪೇರಿ ಅಲ್ಲೇ ಒಂದನ್ನು ಕಟ್ಟಿ ಎಸೆದ: "ಚಹಾ ತರಲೇನು, ಹಾಲು ತರಲೇನು?"

ಕಡ್ಡಿಯ ತುಟಿ ಒಂದೆರಡು ಸಲ ಒದ್ದಾಡಿ, ಆಮೇಲೆ ದನಿ ಹೊರಟಿತು: "ಹಾಲು ತಾ ನೀನು."

ಅತ್ತಿಗೆ ಹಾಲು ತಂದಳು. ಹಾಲೆಂದರೆ ಹುಟ್ಟಿದಾಗಿನಿಂದ ಮುಖ ಕಿವುಚುತ್ತಿದ್ದ ಮನುಷ್ಯ ಒಂದು ಗುಟುಕಿಗೇ ತುಟಿ ಬಿಗಿದು ಮುಖ ತಿರುಗಿಸಿದ. ಅವಳು ಲೋಟ ಹಿಡಿದು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು ಒಳಗೆ ಹೋದಳು. ಅವಳ ಬೆನ್ನು ಮರೆಯಾದ ಮೇಲೆ ರಿಪೇರಿ ಸಣ್ಣ ದನಿಯಲ್ಲಿ ಅದೇ ಸಾಲನ್ನು ತಿರುಗಿಸಿ ಹಾಡಿದ: "ಹಾಲು ತರಲೇನು, ಚಹಾ ತರಲೇನು?"

"ಚಹಾ ತಾ ನೀನು" ಎಂದ ಕಡ್ಡಿ, ಗೆದ್ದವನ ಹಾಗೆ ನಗುತ್ತಾ.

ರಿಪೇರಿ ಪೆಟ್ಟಿಗೆ ಮುಚ್ಚಿದ. ಮುಚ್ಚಿದೊಡನೆ ಎದುರಿಗೆ ಮತ್ತೆ ಆಯ್ತು, ಆಯ್ತು.

ರಿಪೇರಿ ವಾಸವಾಗಿದ್ದದ್ದು ತಂಗಿಯ ಜೊತೆ. ಹೊಲಿಗೆಯೇ ಅವಳ ಕಸುಬು. ಮದುವೆಯ ಗೊಡವೆ ಇಬ್ಬರಿಗೂ ಇರಲಿಲ್ಲ. ಒಬ್ಬರ ತಪ್ಪನ್ನು ಒಬ್ಬರು ಎತ್ತಿ ಆಡುತ್ತಾ ಅವರ ದಿನ ಕಳೆಯುತ್ತಿತ್ತು. ಮರುದಿನ ಅವಳು ಯಂತ್ರದ ಮುಂದೆ ಕೂತು ಕಾಲರಿಗೆ ಮಡಿಕೆ ಕೊಡುತ್ತಿದ್ದಾಗ, ಹಿಂದೆ ಅಣ್ಣ ಒಂದೇ ಸಾಲನ್ನು ಮಗುಚಿ ಮಗುಚಿ ಗುನುಗುವುದು ಕಿವಿಗೆ ಬೀಳುತ್ತಲೇ ಇತ್ತು.

"ಅಣ್ಣಾ, ಏನದು, ದೋಸೆ ಥರ ಆ ಕಡೆ ಈ ಕಡೆ ಹಾಕ್ತಾ ಇದ್ದೀಯ?"

"ಕೇಳು, ಯಾವುದು ಚೆನ್ನಾಗಿದೆ ಹೇಳು. ಕಿಟಕಿ ಹಾಡನ್ನು ಕೊಡಲೇನು, ಇಡಲೇನು? ಇಲ್ಲಾ ಕಿಟಕಿ ಹಾಡನ್ನು ಇಡಲೇನು, ಕೊಡಲೇನು?"

"ಎರಡೂ ಒಂದೇ. ಯಾವುದು ಮೊದಲು ಬಂದ್ರೆ ಏನಂತೆ?"

"ಒಂದೇ ಅಲ್ಲ. ಇಡಲೇನು ಅನ್ನೋದು ಕೊನೆಗೆ ಬಂದ್ರೆ ಸಾಲು ಬೀಳುತ್ತೆ. ಕೊಡಲೇನು ಅನ್ನೋದಕ್ಕೆ ಮೇಲಿನ ಸ್ವರ ಸಿಗುತ್ತೆ, ದನಿ ನಿಲ್ಲುತ್ತೆ."

"ಹಾಗಿದ್ರೆ ಆಯ್ತಲ್ಲ, ನಿಲ್ಲೋದನ್ನೇ ಇಟ್ಕೋ" ಎಂದು ತಂಗಿ ದಾರ ಕಚ್ಚಿ ತುಂಡರಿಸಿದಳು.

ಅವನಿಗೆ ಬೇಕಿದ್ದದ್ದು ಆ ಮಾತೇ. ಸಾಲು ಹೇಗೆ ನಿಲ್ಲಬೇಕೆಂಬುದನ್ನು ಜೀವಮಾನವಿಡೀ ಕಿವಿಗೆ ಬಿಟ್ಟವನು ಅವನು. ಕಿವಿ ಎಂದೂ ಅವನಿಗೆ ಮೋಸ ಮಾಡಿರಲಿಲ್ಲ. ಕೊನೆಗೆ ಬಂದ ಮಾತನ್ನೇ ಕಡ್ಡಿಯ ಬಾಯಿ ಹಿಡಿಯುತ್ತದೆ ಎಂಬುದನ್ನು ಅವನು ಮರೆತಿರಲಿಲ್ಲ. ಆದರೆ ರಾಗಕ್ಕೆ ಒಪ್ಪುವುದು ಇದು, ರಾಗ ಕೆಡಿಸಿ ಕೇಳಿದರೆ ಕಡ್ಡಿಯೇ ನಗುತ್ತಾನೆ ಎಂದು ತನ್ನಷ್ಟಕ್ಕೆ ವಾದ ಹೂಡಿದ. ಆ ವಾದದಲ್ಲಿ ಸುಳ್ಳಿರಲಿಲ್ಲ. ನಿಜಕ್ಕೂ ರಾಗಕ್ಕೆ ಒಪ್ಪುತ್ತಿದ್ದದ್ದು ಅದೇ. ಅತ್ತಿಗೆ ಗೋಡೆಗೆ ಒತ್ತಿಕೊಂಡ ಬೆನ್ನು ಕಣ್ಣ ಮುಂದೆ ಬಂದಾಗಲೆಲ್ಲ ಅದು ಇನ್ನಷ್ಟು ಒಪ್ಪುತ್ತಿತ್ತು.

ವಕೀಲೆ ಕಾಗದಪತ್ರ ಹಿಡಿದು ಕಡ್ಡಿಯ ಮನೆಗೆ ಬಂದ ದಿನ ಅತ್ತಿಗೆ ಕಡ್ಡಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದ್ದಳು. ಹೊರಗೆ ಹೋಗಲು ಹೊರಟವನಂತೆ ಅವನು ಅಂಗಿಯ ಗುಂಡಿಗಳನ್ನು ಎಡಗೈಯಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದ. ವಕೀಲೆ ಗೋಡೆಯ ಬದಿಯ ಕುರ್ಚಿಯಲ್ಲಿ ಕಾಲು ಜೋಡಿಸಿ ಕೂತಳು. ಅತ್ತಿಗೆ ಕೂರಲಿಲ್ಲ. ರಿಪೇರಿ ಮಡಿಕೆ ಬಿಚ್ಚಿದ. ಮೊದಲು ಚಹಾ, ಸಕ್ಕರೆ, ಮಡ್ಡಿಯ ಸಾಲು. ವಕೀಲೆ ನಗು ತಡೆಯಲಾರದೆ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಆಮೇಲೆ ಅವನು ಸ್ವರ ಬದಲಾಯಿಸಿದ.

"ಕಿಟಕಿ ಹಾಡನ್ನು ಇಡಲೇನು, ಕೊಡಲೇನು?"

ಕಡ್ಡಿ ತಲೆಯೆತ್ತಿದ. ಒಂದು ಗಳಿಗೆ ಅವನ ಕಣ್ಣು ರಿಪೇರಿಯ ಕಣ್ಣಿನಲ್ಲಿ ಏನನ್ನೋ ಹುಡುಕಿತು. ಹುಡುಕಿದ್ದು ಪ್ರಶ್ನೆಯ ಅರ್ಥವನ್ನೋ, ಉತ್ತರದ ಅಳತೆಯನ್ನೋ ಹೇಳುವವರು ಯಾರು? ರಿಪೇರಿ ಕಣ್ಣು ತಗ್ಗಿಸಿ ಗುಂಡಿಗಳನ್ನು ನೋಡಿದ. ನಲವತ್ತು ವರ್ಷಗಳಲ್ಲಿ ಬೆರಳನ್ನು ನೋಡಿಕೊಂಡು ನುಡಿಸಿದವನಲ್ಲ ಅವನು.

"ಕೊಟ್ಟುಬಿಡು ನೀನು" ಎಂದು ಕಡ್ಡಿ ಹಾಡಿದ. ದನಿ ಮೇಲಿನ ಸ್ವರದಲ್ಲಿ ನಿಂತಿತು. ಚೆನ್ನಾಗಿ ನಿಂತಿತು.

"ಸ್ಪಷ್ಟವಾಗಿ ಹೇಳಿದ್ರಲ್ಲ ಸರ್!" ವಕೀಲೆಯ ಕಣ್ಣು ತುಂಬಿತ್ತು. "ಇಂಥದ್ದನ್ನ ನಾನು ಎಲ್ಲೂ ನೋಡಿಲ್ಲ."

ಅತ್ತಿಗೆ ಕಡ್ಡಿಯ ತುಟಿಯ ಅಂಚನ್ನು ಒರೆಸಿ, ಬಂದು ರುಜು ಹಾಕಿದಳು. ಅವಳ ಕೆಳಗೆ ರಿಪೇರಿಯೂ ಹಾಕಿದ.

ನೆಲಮಹಡಿಯ ಮನೆ ಸಿಕ್ಕಿತು. ಹಿಂದೆ ಪುಟ್ಟ ಅಂಗಳ, ಅಂಗಳಕ್ಕೆ ತೆರೆಯುವ ಅಗಲ ಬಾಗಿಲು, ಎತ್ತಿ ಇಳಿಸಲು ಗಟ್ಟಿ ತೋಳಿನ, ಹೆಚ್ಚು ಮಾತಿಲ್ಲದ ಒಬ್ಬಾಕೆ. ಕಡ್ಡಿ ಗಾಲಿ ಕುರ್ಚಿಯಲ್ಲಿ ಕೂತು ಬಿಸಿಲು ಕಾಯಿಸತೊಡಗಿದ. ಅತ್ತಿಗೆಯ ನಡಿಗೆ ನೆಟ್ಟಗಾಯಿತು. ಅದನ್ನು ಕಂಡಾಗಲೆಲ್ಲ ರಿಪೇರಿಗೆ ಎದೆಯ ಭಾರ ತುಸು ಇಳಿದಂತಾಗುತ್ತಿತ್ತು. ಒಂದು ಸಂಜೆ ಅಂಗಳದಲ್ಲಿ ಬಟ್ಟೆ ಮಡಿಸುತ್ತಿದ್ದವಳು ಮುಖ ಎತ್ತದೆ ಹೇಳಿದಳು:

"ಕೊನೇ ಮಾತನ್ನೇ ಹಿಡೀತಾರೆ ಅಂತ ನನಗೂ ಗೊತ್ತಿತ್ತು ರಿಪೇರಿಯವರೇ. ಹಾಲಿನ ಲೋಟ ಇಟ್ಟು ಬರ್ತಾ ಇದ್ದೆ, ನೀವು ತಿರುಗಿಸಿ ಹಾಡಿದ್ದು ಕೇಳಿಸ್ತು."

"ಮತ್ತೆ ಯಾಕೆ ಸುಮ್ಮನಿದ್ರಿ ಅತ್ತಿಗೆ?"

"ಯಾವುದನ್ನ ಕೊನೆಗೆ ಇಡ್ತೀರಿ ಅಂತ ನೋಡ್ತಿದ್ದೆ." ಅವಳು ಅಂಗಿಯ ತೋಳನ್ನು ಒಳಕ್ಕೆ ಮಡಿಸಿ ಅಂಗೈಯಿಂದ ನೀವಿದಳು. "ಇಡಲೇನು ಅಂತ ಮುಗಿಸಿದ್ರೆ ನಿಮ್ಮನ್ನ ಜನ್ಮದಲ್ಲಿ ಕ್ಷಮಿಸ್ತಿರ್ಲಿಲ್ಲ. ಹೀಗೆ ಮುಗಿಸಿದ್ದಕ್ಕೂ ಪೂರ್ತಿ ಕ್ಷಮಿಸೋಕೆ ಆಗ್ತಿಲ್ಲ ನೋಡಿ."

ಇಬ್ಬರೂ ಕಡ್ಡಿಯ ಕಡೆ ನೋಡಿದರು. ಅವನು ಬಿಸಿಲಿಗೆ ಕಣ್ಣು ಮುಚ್ಚಿ ಕೂತಿದ್ದ.

ಆಮೇಲೆ ಜಾಹೀರಾತು ಬಂತು. ಕಿಟಕಿಗಳ ಗಾಜು, ಚೌಕಟ್ಟು ಮಾಡುವ ಕಂಪನಿಯೊಂದರದು. ಟಿವಿಯಲ್ಲಿ ಒಬ್ಬ ಚೆಲುವ ಅಪ್ಪ ಗಾಜಿನ ಕಿಟಕಿಯನ್ನು ಒಂದೇ ಬೆರಳಿನಿಂದ ಸರಿಸಿ ಮುಚ್ಚುತ್ತಾನೆ, ಹೊರಗಿನ ಬೀದಿ ಮೂಕವಾಗುತ್ತದೆ, ತೊಟ್ಟಿಲಿನ ಮಗು ನಗುತ್ತದೆ. ಹಿಂದೆ ರಿಪೇರಿಯ ರಾಗ, ತಾಳ ಚುರುಕಾಗಿದೆ, ಮಾತು ಬೇರೆ:

ಕಿಟಕಿ ಮುಚ್ಚಿದೆ ಮಗಳೆ, ಧೂಳು ಬಾರದು ಒಳಗೆ
ಸದ್ದು ಹೊರಗೇ ಉಳಿಯಿತು, ಮಲಗು ಬೆಳಗಿನವರೆಗೆ

ಅದನ್ನು ಮೊದಲು ಕೇಳಿದಾಗ ರಿಪೇರಿ ತಂಗಿಯ ಕೋಣೆಯಲ್ಲಿದ್ದ. ತಂಗಿ ಹೊಲಿಗೆ ಯಂತ್ರ ನಿಲ್ಲಿಸಿ ಅಣ್ಣನ ಮುಖ ನೋಡಿದಳು. ಜಾಹೀರಾತು ಬರೆದವನಿಗೆ ಏನೂ ತಿಳಿದಿರಲಾರದು, ಅವನು ಕೆಟ್ಟವನೂ ಆಗಿರಲಾರ. ಕಿಟಕಿ ಮಾರಬೇಕಾದವನಿಗೆ ಕಿಟಕಿ ಹಾಡು ಸಿಕ್ಕಿತ್ತು, ಅಷ್ಟೇ.

ಅತ್ತಿಗೆಯ ಮನೆಯಲ್ಲಿ ಟಿವಿ ಹಾಕಬೇಡಿರೆಂದು ಹೇಳಲು ಅವನು ಎಂದಿನಂತೆ ಪೆಟ್ಟಿಗೆ ಹೊತ್ತು ಹೊರಟ. ಬಾಗಿಲಲ್ಲೇ ಅವಳು ಮೆಲ್ಲಗೆ ಹೇಳಿದಳು: "ಅವತ್ತೇ ಆರಿಸಿದೆ. ಆದ್ರೆ ಪಕ್ಕದ ಮನೇಲಿ, ಎದುರಿನ ಅಂಗಡೀಲಿ, ದಿನಾ ಬರುತ್ತೆ. ಅಂಗಳಕ್ಕೆಲ್ಲ ಕೇಳಿಸುತ್ತೆ. ಎಷ್ಟು ಮನೆ ಅಂತ ಮುಚ್ಚಿಸಲಿ?"

ಕಡ್ಡಿ ಅಂಗಳದಲ್ಲಿ ನೆರಳಿಗೆ ಕೂತಿದ್ದ. ರಿಪೇರಿಯನ್ನು ಕಂಡು ಎಡಗೈಯಿಂದ ಕುರ್ಚಿಯ ತೋಳು ತಟ್ಟಿದ: ಪೆಟ್ಟಿಗೆ ಬಿಚ್ಚು. ಬಿಚ್ಚಿದ. ರುಜು ಹಾಕಿದ ದಿನದಿಂದ ಅವನು ಕಡ್ಡಿಯ ಮುಂದೆ ಆ ಹಾಡಿನ ಒಂದು ಸ್ವರವನ್ನೂ ಮುಟ್ಟಿರಲಿಲ್ಲ. ಆದರೆ ಅಂದು, ಹಾಡು ಹೊರಗೆ ಏನೇ ಆಗಿರಲಿ, ಅದನ್ನು ಹುಟ್ಟಿಸಿದವನ ಬಾಯಲ್ಲಿ ಇನ್ನೂ ಹಾಗೆಯೇ ಇದೆಯೆಂದು ಒಮ್ಮೆ ಕೇಳಿಸಿಕೊಂಡು ಬಿಡಬೇಕೆನಿಸಿತು. ಅತ್ತಿಗೆಯೂ ಅದನ್ನೇ ಬಯಸಿದಳೋ ಏನೋ, ತಡೆಯಲಿಲ್ಲ. ಅವನು ತಾಳವನ್ನು ಹಿಂದಿನಷ್ಟೇ ನಿಧಾನಕ್ಕೆ ಇಳಿಸಿ, ಮೊದಲ ಸಾಲು ಹಾಡಿದ.

"ಕಿಟಕಿ ತೆಗೆದೆ ಮಗಳೆ, ಗಾಳಿ ಬರಲಿ ಒಳಗೆ..."

ಕಡ್ಡಿಯ ಮುಖ ಅರಳಿತು.

"ಸದ್ದು ಹೊರಗೇ ಉಳಿಯಿತು, ಮಲಗು ಬೆಳಗಿನವರೆಗೆ!"

ರಿಪೇರಿ ನಿಲ್ಲಿಸಲಿಲ್ಲ. ಇನ್ನೂ ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿಟ್ಟು ಮತ್ತೆ ಹಾಡಿದ. ಅದೇ ಉತ್ತರ ಬಂತು. ಮರುಸಾಲಿನ ಮೊದಲ ಪದವನ್ನು, ತಡವಾಯಿತೆಂದು ಎಂಬುದನ್ನು, ತಾನೇ ಎತ್ತಿಕೊಟ್ಟು ನೋಡಿದ. ಕಡ್ಡಿ ಅದನ್ನು ದಾಟಿ, ತುಂಟ ಶಿಷ್ಯನ ತಪ್ಪು ತಿದ್ದುವವನಂತೆ ತಲೆಯಾಡಿಸಿ, ಸದ್ದು ಹೊರಗೇ ಉಳಿಯಿತು ಎಂದು ಇನ್ನಷ್ಟು ಗಟ್ಟಿಯಾಗಿ ಹಾಡಿದ. ಅವನ ದನಿಯಲ್ಲಿ ದುಃಖದ ಎಳೆಯೂ ಇರಲಿಲ್ಲ. ಜಾಹೀರಾತಿನ ಅಪ್ಪನಷ್ಟೇ ನಿಶ್ಚಿಂತನಾಗಿದ್ದ. ಮಗಳನ್ನು ಕರೆದ ಸಾಲು ಅವನೊಳಗೆ ಎಲ್ಲಿಯೂ ಉಳಿದಿರಲಿಲ್ಲ.

ಅತ್ತಿಗೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದಳು. ಹಾಡನ್ನು ಎಂದೂ ಬಾಯಿಗೆ ತಾರದವಳ ತುಟಿ ಅಲುಗಿತು. ತಡವಾಯಿತೆಂದು ಮುನಿಯದಿರು ಎಂಬ ಮಾತು ರಾಗವಿಲ್ಲದೆ, ಬರಿಯ ಮಾತಾಗಿ, ತನಗೆ ತಾನೇ ಹೇಳಿಕೊಂಡಂತೆ ಹೊರಬಂತು. ಮುಂದಿನದನ್ನು ಅವಳು ಹೇಳಲಿಲ್ಲ. ಬಂದು ಕಡ್ಡಿಯ ತಲೆಗೂದಲನ್ನು ಹಿಂದಕ್ಕೆ ಸವರಿ, ಅಂಗಿಯ ಕೊರಳಪಟ್ಟಿ ಸರಿ ಮಾಡಿದಳು. ಅವನು ಅವಳನ್ನು ನೋಡಿ ನಕ್ಕ.

"ಸಾಕು ಬಿಡಿ" ಎಂದಳು ರಿಪೇರಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾಳೆಯಿಂದ ಬರೋವಾಗ ಪೆಟ್ಟಿಗೆ ತರಬೇಡಿ. ನೀವು ಬನ್ನಿ."

ಮರುದಿನ ರಿಪೇರಿ ಬರಿಗೈಯಲ್ಲಿ ಹೋದ. ಅತ್ತಿಗೆ ಅವನಿಗೂ ಒಂದು ಕುರ್ಚಿ ತಂದು ಅಂಗಳದಲ್ಲಿ ಹಾಕಿದಳು. ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿಯುವವರೆಗೆ ಇಬ್ಬರು ಮುದುಕರೂ ಅಕ್ಕಪಕ್ಕ ಕೂತಿದ್ದರು.